ವೃದ್ಧಾಪ್ಯ ಸಂಶೋಧನೆಗೆ ದತ್ತಿಸಂಸ್ಥೆಯ ಅನುದಾನ ಕೇಳುವಾಗ ಎಲ್ಲಿ ಎಡವುತ್ತಾರೆ?

ಹೆಚ್ಚಿನವರು ಎಡವುವುದು ಅವಧಿಯಲ್ಲಿ. ದತ್ತಿಸಂಸ್ಥೆಗಳು ಸಾಮಾನ್ಯವಾಗಿ ಕೆಲವೇ ವರ್ಷಗಳಿಗೆ ಹಣ ಕೊಡುತ್ತವೆ. ಅದೇ ಜನರನ್ನು ಮತ್ತೆ ಮತ್ತೆ ಸಂದರ್ಶಿಸುವ ಅಧ್ಯಯನದಲ್ಲಿ ಅಷ್ಟಕ್ಕೆ ಒಂದು ಸುತ್ತು, ಹೆಚ್ಚೆಂದರೆ ಎರಡು ಮುಗಿದೀತು. ಮುಂದಿನ ಸುತ್ತಿನ ಹಣ ಯಾರದೆಂದು ಅರ್ಜಿಯಲ್ಲೇ ಹೇಳಿ. ಐರ್ಲೆಂಡಿನ ಟಿಲ್ಡಾ ಅಧ್ಯಯನ (50 ದಾಟಿದವರದು, ಮೊದಲ ಸುತ್ತು ಶುರುವಾದದ್ದು 2009ರಲ್ಲಿ) ಅಟ್ಲಾಂಟಿಕ್ ಫಿಲಾಂಥ್ರಪೀಸ್ ಎಂಬ ದತ್ತಿಸಂಸ್ಥೆ, ಸರ್ಕಾರ, ವಿಮಾ ಕಂಪನಿ ಮೂವರ ಹಣದಿಂದ ನಿಂತದ್ದು.

ಬಜೆಟ್ಟಿನಲ್ಲಿ ಮರೆತುಹೋಗುವುದು ಮನೆಭೇಟಿ. ಇದನ್ನು ದಯವಿಟ್ಟು ಕತ್ತರಿಸಬೇಡಿ: ತಪಾಸಣಾ ಕೇಂದ್ರಕ್ಕೆ ಬರಲಾಗದವರು ಬಿಟ್ಟುಹೋದರೆ ಗಟ್ಟಿಮುಟ್ಟಾದವರಷ್ಟೇ ಉಳಿದು, ವೃದ್ಧರ ಆರೋಗ್ಯ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಮರೆವಿನ ಕಾಯಿಲೆಯವರ ಪರವಾಗಿ ಮನೆಯವರನ್ನು ಸಂದರ್ಶಿಸುವ ಖರ್ಚು, ದತ್ತಾಂಶ ಕಾಪಿಡುವ ಖರ್ಚು ಎರಡನ್ನೂ ಬೇರೆ ಸಾಲಿನಲ್ಲಿ ತೋರಿಸಿ.