ಹೊಳೆ ದಂಡೆಯಲ್ಲಿ ಫೋಟೋ ತೆಗೆದರೆ ಆಕಾಶ ಬೆಳ್ಳಗೆ, ದೋಣಿ ಕಪ್ಪಗೆ. ಏನು ಮಾಡಲಿ?

ಹೊಳೆ ಪಕ್ಕದ ಮೀನುಗಾರರ ಹಳ್ಳಿಗೆ ಎರಡು ದಿನ ಹೋಗುತ್ತಿದ್ದೀರಿ. ಕ್ಯಾಮೆರಾ ಹೊಸದು, ಅದರ ಜೊತೆ ಬಂದ 18-55 ಮಿ.ಮೀ. ಲೆನ್ಸ್ ಒಂದೇ ಇದೆ. ಹೋದ ಸಲ ಆಕಾಶ ಪೂರ್ತಿ ಬೆಳ್ಳಗಾಯಿತು, ಇಲ್ಲವೇ ದೋಣಿ ಕಪ್ಪಾಯಿತು. ಬೇರೆ ಲೆನ್ಸ್ ಕೊಳ್ಳಬೇಕಾ ಎಂದು ಕೇಳಿದ್ದೀರಿ. ಬೇಡ, ಇರುವ ಲೆನ್ಸೇ ಸಾಕು. ಸೂರ್ಯ ಹುಟ್ಟುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ದಡದಲ್ಲಿರಿ. ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಬಿಸಿಲು ಏರಿದ ಮೇಲೆ ಆಕಾಶಕ್ಕೂ ದೋಣಿಯ ನೆರಳಿನ ಮೈಗೂ ಬೆಳಕಿನ ವ್ಯತ್ಯಾಸ ತುಂಬಾ ಜಾಸ್ತಿ. ಕ್ಯಾಮೆರಾದೊಳಗಿನ ಸೆನ್ಸರ್ ಎರಡನ್ನೂ ಒಟ್ಟಿಗೆ ಹಿಡಿಯಲಾರದು. ನಸುಕಿನಲ್ಲಿ ಹಾಗಲ್ಲ, ಇಡೀ ಆಕಾಶವೇ ಮೆತ್ತಗೆ ಬೆಳಕು ಚೆಲ್ಲುತ್ತಿರುತ್ತದೆ. ಸೂರ್ಯ ದಿಗಂತಕ್ಕಿಂತ 6 ಡಿಗ್ರಿ ಕೆಳಗಿರುವಲ್ಲಿಂದ ಹುಟ್ಟುವವರೆಗಿನ ಹೊತ್ತು ನನಗೆ ಎಲ್ಲಕ್ಕಿಂತ ಇಷ್ಟ. ಸಮಭಾಜಕ ವೃತ್ತದ ಹತ್ತಿರ ಅದು ಸುಮಾರು 22 ನಿಮಿಷ, ಅಲ್ಲಿಂದ ದೂರ ಹೋದಷ್ಟೂ ಉದ್ದ. ಆ ಹೊತ್ತಿನಲ್ಲಿ ಜಾಗ ಹುಡುಕುತ್ತಾ ಓಡಾಡಬೇಡಿ. ಹಿಂದಿನ ಸಂಜೆಯೇ ನೋಡಿಟ್ಟುಕೊಳ್ಳಿ.

ಆಕಾಶ ಬೆಳ್ಳಗಾಗುವುದು ಫೋಟೋಗ್ರಫಿಯಷ್ಟೇ ಹಳೆಯ ತೊಂದರೆ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರದ ಚಿತ್ರಗಳಿಗೆ ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ತೆಗೆದು, ಎರಡನ್ನೂ ಒಂದೇ ಕಾಗದದ ಮೇಲೆ ಸೇರಿಸಿ ಮುದ್ರಿಸಿದರು. ಈಗ ಫೋನಿನ ಎಚ್‌ಡಿಆರ್ (ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುವ ಸೌಲಭ್ಯ) ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ನೀವು ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದದ್ದನ್ನೆಲ್ಲ ಉಳಿಸಿಕೊಳ್ಳುವ ಫೈಲ್) ತೆಗೆಯಿರಿ, ಆಕಾಶಕ್ಕೆ ತಕ್ಕಂತೆ ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕು, ಇಡಿ. ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳುಪಿನವರೆಗೆ ಬೆಳಕು ತೋರಿಸುವ ಸ್ಕ್ರೀನಿನ ನಕ್ಷೆ) ಬಲ ಅಂಚಿಗೆ ಒತ್ತಿಕೊಂಡಿದ್ದರೆ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧ ಮಾಡಿ. ಕಪ್ಪಾದ ದೋಣಿಯ ಬೆಳಕನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ತಕ್ಕಮಟ್ಟಿಗೆ ಎತ್ತಬಹುದು, ಪೂರ್ತಿ ಬೆಳ್ಳಗಾದ ಆಕಾಶವನ್ನು ಮರಳಿ ತರಲಾಗುವುದಿಲ್ಲ. ಹಾಗೆ ಎತ್ತುವಾಗ ನೀರಿನೊಳಗಿನ ಆಕಾಶ ಮೇಲಿನದ್ದಕ್ಕಿಂತ ಬೆಳ್ಳಗಾಗದಂತೆ ನೋಡಿಕೊಳ್ಳಿ. ನಿಜದಲ್ಲಿ ಅದು ಸ್ವಲ್ಪ ಮಂಕಾಗಿಯೇ ಇರುತ್ತದೆ, ತಿರುವುಮುರುವಾದರೆ ಕಣ್ಣಿಗೆ ತಟ್ಟನೆ ಗೊತ್ತಾಗುತ್ತದೆ.

ಲೆನ್ಸನ್ನು 18 ಮಿ.ಮೀ.ಗೆ ತಿರುಗಿಸಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್ 8 ಇಟ್ಟು, ಸುಮಾರು 2 ಮೀಟರ್ ದೂರಕ್ಕೆ ಫೋಕಸ್ ಮಾಡಿ. ಒಂದು ಮೀಟರ್‌ನಿಂದ ಆಚೆ ದಡದವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ.

ನಾನು ಮೊದಲು ಎಡವಿದ್ದು ಟ್ರೈಪಾಡ್ ವಿಷಯದಲ್ಲಿ. ಟ್ರೈಪಾಡ್ ಇದೆಯಲ್ಲ ಎಂದು ಒಂದೊಂದು ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟೆ, ಅಂದರೆ ಶಟರ್ ಅಷ್ಟು ಹೊತ್ತು ತೆರೆದಿಟ್ಟೆ. ಮನೆಗೆ ಬಂದು ನೋಡಿದರೆ ದಡ, ಮರ, ಗೂಟ ಎಲ್ಲಾ ಸ್ಪಷ್ಟ, ದೋಣಿಗಳೆಲ್ಲ ಮಸುಕು. ಕಟ್ಟಿ ಹಾಕಿದ ದೋಣಿಯೂ ನೀರಿನಲ್ಲಿ ಸುಮ್ನೆ ನಿಲ್ಲುವುದಿಲ್ಲ ಅಲ್ವಾ? ಒಂದು ಬೆಳಗು ಪೂರ್ತಿ ಹೋಯಿತು, ತುಂಬಾ ಬೇಜಾರಾಯಿತು. ಈಗ ದೋಣಿ ನೀರಿನಲ್ಲಿದ್ದರೆ ಶಟರ್ 1/60 ಸೆಕೆಂಡಿಗಿಂತ ನಿಧಾನ ಮಾಡುವುದಿಲ್ಲ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೆ ಏರಿದರೂ ಏರಲಿ. ಉದ್ದ ಎಕ್ಸ್‌ಪೋಷರ್ ಬೇಕೇ ಬೇಕು ಅಂದರೆ ದಡಕ್ಕೆ ಎಳೆದಿಟ್ಟ ದೋಣಿ ಆರಿಸಿಕೊಳ್ಳಿ. ಟ್ರೈಪಾಡ್ ಕಾಲುಗಳನ್ನು ಒದ್ದೆ ಮರಳಿನಲ್ಲಿ ಗಟ್ಟಿಯಾಗುವವರೆಗೆ ಒತ್ತಿ. ಇಲ್ಲದಿದ್ದರೆ ಫೋಟೋ ತೆಗೆಯುತ್ತಿರುವಾಗಲೇ ಕುಸಿಯುತ್ತವೆ.

ಇನ್ನು ಎಲ್ಲಿ ನಿಲ್ಲಬೇಕು ಎನ್ನುವುದು. ನನ್ನ ಮಟ್ಟಿಗೆ ಸೆಟ್ಟಿಂಗ್‌ಗಳಿಗಿಂತ ಇದೇ ದೊಡ್ಡದು. ಇಪ್ಪತ್ತು ದೋಣಿ ಕಂಡರೂ ಒಂದನ್ನೇ ಆರಿಸಿ. ನಿಂತು ನೋಡಿ, ಕೂತು ನೋಡಿ, ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿಯೂ ನೋಡಿ. ಕೆಳಗಿಳಿದಾಗ ದೋಣಿಯ ಮೂತಿ ಆಚೆ ದಡದ ಮರಗಳಿಗೆ ಅಂಟಿಕೊಳ್ಳುತ್ತದೆ, ಕಪ್ಪಿನ ಮೇಲೆ ಕಪ್ಪು ಬಿದ್ದು ಆಕಾರವೇ ಕಾಣುವುದಿಲ್ಲ. ಒಂದಡಿ ಮೇಲೆದ್ದರೆ ದೋಣಿಗೂ ಆ ಮರಗಳಿಗೂ ನಡುವೆ ಬೆಳ್ಳನೆಯ ನೀರಿನ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಆ ಪಟ್ಟಿ ಸಿಕ್ಕಿದರೆ ದೋಣಿ ತಾನಾಗಿ ಎದ್ದು ಕಾಣುತ್ತದೆ. ಅದಕ್ಕಾಗಿ ನಾನು ಕಲ್ಲು ಹತ್ತಿದ್ದೇನೆ, ಮೊಣಕಾಲವರೆಗೆ ನೀರಿಗಿಳಿದಿದ್ದೇನೆ. ಗೊತ್ತಿಲ್ಲದ ಹೊಳೆಯಲ್ಲಿ ಮಾತ್ರ ನೀವು ಹಾಗೆ ಇಳಿಯಬೇಡಿ, ಆಳ ಕಾಣುವುದಿಲ್ಲ.

ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಯಾರಾದರೂ ಕೊಟ್ಟರೆ ನಿಧಾನವಾಗಿ ತಿರುಗಿಸುತ್ತಾ ನೋಡಿ. ಅದು ನೀರಿನ ಹೊಳಪನ್ನು ಕಡಿಮೆ ಮಾಡುತ್ತದೆ, ಜೊತೆಗೆ ನಿಮಗೆ ಬೇಕಾದ ಪ್ರತಿಬಿಂಬವನ್ನೂ ಅಳಿಸಬಹುದು.

ದಡದಲ್ಲಿ ಹರಡಿದ ಬಲೆ ದಾಟಬೇಡಿ, ಸುತ್ತು ಹಾಕಿಕೊಂಡು ಹೋಗಿ. ದೋಣಿ ಇಳಿಸುವ ದಾರಿಯಲ್ಲಿ ಟ್ರೈಪಾಡ್ ಇಡಬೇಡಿ. ಅವರ ಕೆಲಸದ ಹೊತ್ತು ಅದು. ಮುಖ ಕಾಣುವ ಹಾಗೆ ತೆಗೆಯುವುದಾದರೆ ಮೊದಲು ಕೇಳಿ. ತೆಗೆದದ್ದನ್ನು ಅಲ್ಲೇ ಸ್ಕ್ರೀನಿನಲ್ಲಿ ತೋರಿಸಿ, ಅವರಿಗೆ ಬೇಕಿದ್ದರೆ ಕಳಿಸಿಕೊಡಿ.

ಎರಡನೇ ದಿನ ಹೊಸ ಜಾಗ ಹುಡುಕದೆ ಅದೇ ಜಾಗಕ್ಕೆ ಹೋಗಿ. ಸೂರ್ಯ ಯಾವ ಮರದ ಪಕ್ಕ ಬರುತ್ತಾನೆ, ಮೊದಲ ದೋಣಿ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಆಗ ನಿಮಗೆ ಗೊತ್ತಿರುತ್ತದೆ. ರಾತ್ರಿ ಚಳಿ ಬಿದ್ದು, ಗಾಳಿ ಇಲ್ಲದಿದ್ದರೆ ಬೆಚ್ಚಗಿನ ನೀರಿನ ಮೇಲೆ ಮಂಜು ಏಳುವುದೂ ಉಂಟು. ಲೆನ್ಸ್ ಒರೆಸಲು ಒಣ ಬಟ್ಟೆ ಜೇಬಿನಲ್ಲಿರಲಿ.