ಕುವೆಂಪು ಯೂನಿವರ್ಸಿಟಿ ಟೀಮುಗಳ ಹಳೇ ಕಥೆ

ನಿಮ್ಮ ಪ್ರಶ್ನೆ: "ಕುವೆಂಪು ವಿಶ್ವವಿದ್ಯಾಲಯದ ಕ್ರೀಡಾ ತಂಡಗಳಿಗೆ ಇತಿಹಾಸ ಅಂತ ಏನಾದರೂ ಇದೆಯಾ? ಯಾರೂ ಅದರ ಬಗ್ಗೆ ಮಾತಾಡಲ್ವಲ್ಲ?"

ಖಂಡಿತ ಇದೆ. ಆದರೆ ಶಂಕರಘಟ್ಟದ ಕ್ಯಾಂಪಸ್ಸಿನಲ್ಲಿ ಮಾತ್ರ ಹುಡುಕಿದರೆ ಅರ್ಧ ಕಥೆಯೂ ಸಿಗಲ್ಲ. ನಾನು ಸಾಗರದ ಕಡೆಯವನು, ಡಿಗ್ರಿ ಓದುವಾಗ ಕಬಡ್ಡಿ ಆಡಿದವನು, ಆ ಲೆಕ್ಕದಲ್ಲಿ ಹೇಳ್ತೀನಿ. ನಮ್ಮಲ್ಲಿ ಯೂನಿವರ್ಸಿಟಿ ಟೀಮು ತಯಾರಾಗೋದು ಅದರ ಕೆಳಗಿರುವ ಕಾಲೇಜುಗಳಲ್ಲಿ. ಯಾವುದೋ ಒಂದು ಕಾಲೇಜು ಇಂಟರ್ ಕಾಲೇಜ್ ಟೂರ್ನಮೆಂಟ್ ನಡೆಸುತ್ತದೆ, ಸೆಲೆಕ್ಷನ್‌ನವರು ಗೆರೆ ಪಕ್ಕ ಕುರ್ಚಿ ಹಾಕಿಕೊಂಡು ನೋಡುತ್ತಾರೆ, ಆಯ್ಕೆಯಾದವರಿಗೆ ಕೆಲವು ದಿನ ಕ್ಯಾಂಪು, ಆಮೇಲೆ ಜೆರ್ಸಿ ಕೊಟ್ಟು ಸೌತ್ ಝೋನ್‌ಗೆ, ಅಂದರೆ ದಕ್ಷಿಣದ ಯೂನಿವರ್ಸಿಟಿಗಳ ಟೂರ್ನಮೆಂಟಿಗೆ, ಕಳಿಸುತ್ತಾರೆ. ಅಲ್ಲಿ ಗೆದ್ದು ಮುಂದೆ ಹೋದರೆ ಆಲ್ ಇಂಡಿಯಾ.

ಅಂದರೆ ಯಾವ ಕಾಲೇಜು ಯಾವ ಯೂನಿವರ್ಸಿಟಿಗೆ ಸೇರಿದೆ ಅನ್ನೋದರ ಮೇಲೇ ಟೀಮು ನಿಂತಿದೆ. ಆ ನಕ್ಷೆ ಬದಲಾದಾಗಲೆಲ್ಲ ಟೀಮೂ ಬದಲಾಗಿದೆ. ನನ್ನ ಪ್ರಕಾರ ಇದರ ಇತಿಹಾಸ ಅಂದರೆ ಮುಖ್ಯವಾಗಿ ಇದೇ.

ಮೊದಲು ಎಲ್ಲಾ ಮೈಸೂರು. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ, ನಮ್ಮ ಶಿವಮೊಗ್ಗದ ಸಹ್ಯಾದ್ರಿ ಕಾಲೇಜು ಬಂದದ್ದು 1940ರಲ್ಲಿ. 1964ರಲ್ಲಿ ಬೆಂಗಳೂರು ಬೇರೆ ಆಯ್ತು, 1980ರಲ್ಲಿ ಮಂಗಳೂರು ಬೇರೆ ಆಯ್ತು. ಆಮೇಲೂ ತೀರ್ಥಹಳ್ಳಿಯ ಹುಡುಗನೊಬ್ಬ ಯೂನಿವರ್ಸಿಟಿಗೆ ಆಡಬೇಕು ಅಂದರೆ ಮೈಸೂರು, ಮಂಡ್ಯ, ಹಾಸನದವರ ಜೊತೆ ಜಾಗಕ್ಕೆ ಪೈಪೋಟಿ ಮಾಡಬೇಕಿತ್ತು. ಕಬಡ್ಡಿಯಲ್ಲಿ ಅಂಕಣಕ್ಕೆ ಇಳಿಯೋದೇ ಏಳು ಜನ. ಆ ಏಳರಲ್ಲಿ ಘಟ್ಟದ ಮೇಲಿನ ಹಳ್ಳಿ ಹುಡುಗನಿಗೆ ಜಾಗ ಸಿಗೋದು ಸುಲಭ ಇತ್ತಾ ಹೇಳಿ.

1987ರಲ್ಲಿ ಭದ್ರಾ ಅಣೆಕಟ್ಟೆ ಪಕ್ಕದ ಬಿ.ಆರ್. ಪ್ರಾಜೆಕ್ಟಿನಲ್ಲಿದ್ದ ಮೈಸೂರಿನ ಸ್ನಾತಕೋತ್ತರ ಕೇಂದ್ರವೇ ಕುವೆಂಪು ವಿಶ್ವವಿದ್ಯಾಲಯ ಆಯ್ತು. ಶಿವಮೊಗ್ಗ, ಚಿಕ್ಕಮಗಳೂರು, ಚಿತ್ರದುರ್ಗ ಒಂದು ಕಡೆ ಬಂದವು. ಟೀಮಿನಲ್ಲಿ ಜಾಗ ಎಷ್ಟಿತ್ತೋ ಅಷ್ಟೇ, ಅದಕ್ಕೆ ನಿಲ್ಲುವವರು ಮಾತ್ರ ಕಡಿಮೆಯಾದರು. ಮಲೆನಾಡಿನ ಆಟಗಾರರಿಗೆ ಇದಕ್ಕಿಂತ ದೊಡ್ಡ ಬಾಗಿಲು ಇನ್ನೊಂದು ತೆರೆದಿಲ್ಲ ಅಂತ ನಾನು ನಂಬಿದ್ದೀನಿ. ಜೊತೆಗೆ ಬಯಲುಸೀಮೆ ಮಲೆನಾಡು ಎರಡೂ ಒಂದೇ ಟೀಮಿನಲ್ಲಿ! ಗರಡಿಮನೆಗಳ ಊರು ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಅಲ್ಲಿನ ಕುಸ್ತಿಪಟುಗಳೂ ನಮ್ಮ ಯೂನಿವರ್ಸಿಟಿಯವರೇ.

ಆಮೇಲೆ ಒಂದೊಂದೇ ಕಳಚಿಕೊಂಡಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಬಂದು ಮೆಡಿಕಲ್ ಹೋಯ್ತು, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬಂದು ಎಂಜಿನಿಯರಿಂಗ್ ಹೋಯ್ತು. ಶಿವಮೊಗ್ಗದ ನವುಲೆಯಲ್ಲೇ ಇರುವ ಜೆಎನ್‌ಎನ್‌ಸಿಇ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಈಗ ಆಡೋದು ಬೆಳಗಾವಿಯ ವಿಟಿಯು ಹೆಸರಲ್ಲಿ. ಅದೇ ಊರಿನ ಡಿವಿಎಸ್ ಕಾಲೇಜಿನ ಹುಡುಗ ಕುವೆಂಪು ಹೆಸರಲ್ಲಿ. ಸಂಜೆ ಒಂದೇ ಮೈದಾನದಲ್ಲಿ ಆಡಿದವರು ಸೌತ್ ಝೋನ್‌ನಲ್ಲಿ ಎದುರಾಳಿಗಳು! 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆದಾಗ ಬಿದ್ದದ್ದೇ ದೊಡ್ಡ ಪೆಟ್ಟು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಹೋದವು. 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಹೊನ್ನಾಳಿ, ಚನ್ನಗಿರಿ ಕಡೆಯ ಆಟಗಾರರೂ ಹೋದರು. ಉಳಿದದ್ದು ಶಿವಮೊಗ್ಗ, ಚಿಕ್ಕಮಗಳೂರು.

ಇನ್ನು ಮಳೆ. ಅದನ್ನು ಬಿಟ್ಟು ನಮ್ಮ ಟೀಮುಗಳ ಕಥೆ ಹೇಳೋಕೇ ಆಗಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಬಿಡೋ ಹೊತ್ತಿಗೆ ಟೂರ್ನಮೆಂಟ್ ಸೀಸನ್ ಎದುರಿಗೇ ಬಂದಿರುತ್ತದೆ. ನಾವು ಪ್ರಾಕ್ಟೀಸಿಗೆ ಮೊದಲು ಅಂಕಣದ ನೀರು ಬಳಿದು, ಸಾ ಮಿಲ್ಲಿನಿಂದ ತಂದ ಮರದ ಪುಡಿ ಹರಡಿ, ಕೊಚ್ಚಿ ಹೋದ ಸುಣ್ಣದ ಗೆರೆ ಮತ್ತೆ ಎಳೆಯುತ್ತಿದ್ದೆವು. ಅಷ್ಟರಲ್ಲಿ ಇನ್ನೊಂದು ಮಳೆ. ಬರಿಗಾಲಲ್ಲಿ ಕೆಂಪು ಮಣ್ಣಿನ ಮೇಲೆ ಕಲಿತವನು ಶೂ ಹಾಕಿ ಮ್ಯಾಟ್ ಮೇಲೆ ನಿಂತರೆ ಮೊದಲ ಸಲ ಕಾಲೇ ಮಾತು ಕೇಳಲ್ಲ. ಮಣ್ಣಿನಲ್ಲಿ ಸ್ವಲ್ಪ ಜಾರಿಕೊಂಡೇ ತಿರುಗೋದು ಅಭ್ಯಾಸ, ಮ್ಯಾಟ್ ಮೇಲೆ ಶೂ ಗಪ್ಪಂತ ಹಿಡಿಯುತ್ತದೆ, ಮೈ ತಿರುಗುತ್ತದೆ, ಪಾದ ಅಲ್ಲೇ ಇರುತ್ತದೆ. ಮೊಣಕಾಲು ಉಳುಕಿಸಿಕೊಂಡವರನ್ನು ನೋಡಿದ್ದೀನಿ. ಒಳಾಂಗಣ ಮ್ಯಾಟ್ ಬೇಕಾಗಿರೋದು ಎಲ್ಲರಿಗಿಂತ ಜಾಸ್ತಿ ಮಲೆನಾಡಿಗೇ, ಅಲ್ವಾ?

ಹುಡುಗಿಯರ ಟೀಮುಗಳಿಗೆ ಮಳೆ ಜೊತೆ ಬಸ್ಸೂ ಸೇರಿಕೊಳ್ಳುತ್ತದೆ. ಹೊಸನಗರ, ಸೊರಬದ ಒಳಗಿನ ಹಳ್ಳಿಗಳಿಗೆ ಕೊನೇ ಬಸ್ಸು ಬೇಗ ಹೊರಡುತ್ತದೆ, ಪ್ರಾಕ್ಟೀಸ್ ಕಾವೇರುವುದೇ ಆ ಹೊತ್ತಿಗೆ. ನನ್ನ ಕಣ್ಣ ಮುಂದೆ ಒಳ್ಳೊಳ್ಳೆ ಖೋ ಖೋ ಆಟಗಾರ್ತಿಯರು ಬ್ಯಾಗ್ ಎತ್ತಿಕೊಂಡು ಸ್ಟ್ಯಾಂಡಿಗೆ ಓಡಿದ್ದಾರೆ. ಅವರ ಹೆಸರು ಯಾವ ದಾಖಲೆಯಲ್ಲೂ ಬರಲ್ಲ.

ನಿಜವಾಗಿಯೂ ಇದನ್ನೆಲ್ಲ ಹುಡುಕಬೇಕು ಅಂತಿದ್ದರೆ ಸಹ್ಯಾದ್ರಿ, ಸಾಗರದ ಎಲ್‌ಬಿ, ತೀರ್ಥಹಳ್ಳಿಯ ತುಂಗಾ, ಭದ್ರಾವತಿಯ ಸರ್ ಎಂವಿ, ಚಿಕ್ಕಮಗಳೂರಿನ ಐಡಿಎಸ್‌ಜಿ, ಇಂಥ ಹಳೇ ಕಾಲೇಜುಗಳ ವಾರ್ಷಿಕ ಸಂಚಿಕೆ ಕೇಳಿ ನೋಡಿ. ಪಿಟಿ ಮೇಷ್ಟ್ರ ರೂಮಿನ ಗೋಡೆಯನ್ನೂ ಬಿಡಬೇಡಿ. ಟೀಮ್ ಫೋಟೋ ಸಿಕ್ಕರೆ ಗೆದ್ದ ಕಪ್ ಆಮೇಲೆ ನೋಡಿ, ಮೊದಲು ಇಸವಿ ಮತ್ತು ಕೆಳಗೆ ಬರೆದಿರುವ ಕಾಲೇಜುಗಳ ಹೆಸರು ಬರೆದುಕೊಳ್ಳಿ. 1987ರ ಹಿಂದುಮುಂದಿನವು, 2009ರ ಹಿಂದುಮುಂದಿನವು ಸಿಕ್ಕರೆ ಇಲ್ಲೇ ಹಾಕಿ, ಆಡಿದವರನ್ನು ಗುರುತು ಹಿಡಿಯೋಕೆ ನನ್ನ ಕೈಲಾದ ಸಹಾಯ ಮಾಡ್ತೀನಿ.