ಪದರಗಳ ಗುಟ್ಟು

ಪ್ರಶ್ನೆ: ಎಣ್ಣೆ ಪ್ಯಾಕೆಟ್ಟಿನ ಹಾಳೆಯನ್ನು ಕಾಲೇಜಿನ ಇನ್‌ಫ್ರಾರೆಡ್ ಯಂತ್ರದಲ್ಲಿಟ್ಟರೆ ನೈಲಾನ್, ಪಾಲಿಥಿನ್ ಎಲ್ಲ ಕಲಸಿಕೊಂಡು ಬರುತ್ತದೆ. ಒಂದೊಂದೇ ಪದರ ನೋಡಲಾಗದೇ? ಗೆರೆಗಳನ್ನು ಬಿಡಿಸಿ ತೋರಿಸುವ ರೆಸಲ್ಯೂಶನ್ 4 cm⁻¹ರಿಂದ 1ಕ್ಕೆ ಇಳಿಸಲೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇಳಿಸಬೇಡಿ, ಸುಮ್ನೆ ಸಮಯ ವ್ಯರ್ಥ. ಯಂತ್ರದೊಳಗಿನ ಕನ್ನಡಿ ಜಾಸ್ತಿ ದೂರ ಚಲಿಸಿದರೆ ಗೆರೆಗಳು (ವಸ್ತು ಯಾವ ಯಾವ ಬೆಳಕನ್ನು ಹೀರುತ್ತದೆ ಎಂಬ ಗುರುತುಗಳು) ಬಿಡಿಬಿಡಿಯಾಗುತ್ತವೆ, ನಿಜ. ಅದು ಅನಿಲಗಳಿಗೆ ಚೆನ್ನ. ಪ್ಲಾಸ್ಟಿಕ್ಕಿನ ಗೆರೆಗಳು ಮೊದಲೇ ಅಗಲ.

ನಿಮಗೆ ಬೇಕಾದದ್ದು ಜಾಗದ ಸೂಕ್ಷ್ಮತೆ, ಅಂದರೆ ಪಕ್ಕಪಕ್ಕದ ಪದರಗಳನ್ನು ಬೇರೆಬೇರೆಯಾಗಿ ನೋಡುವುದು, ಅಲ್ವಾ? ಅಲ್ಲಿ ಅಡ್ಡ ಬರುವುದು ಬೆಳಕೇ. ನೈಲಾನನ್ನು ಗುರುತಿಸುವ 1640 cm⁻¹ರ ಗೆರೆಯ ತರಂಗಾಂತರ ಸುಮಾರು 6 ಮೈಕ್ರಾನ್. 2 ಮೈಕ್ರಾನಿನ ಅಂಟಿನ ಪದರವನ್ನು ಅದು ಬೇರೆಯಾಗಿ ಹೇಗೆ ತೋರಿಸೀತು?

ಇದನ್ನು ದಾಟಿದ ಉಪಾಯ ನನಗೆ ಬಹಳ ಇಷ್ಟ. ಇನ್‌ಫ್ರಾರೆಡ್ ಲೇಸರ್ ಹೀರಿದ ಜಾಗ ಬಿಸಿಯಾಗಿ ಒಂದಿಷ್ಟೇ ಉಬ್ಬುತ್ತದೆ. ಆ ಉಬ್ಬನ್ನು ಸೂಕ್ಷ್ಮ ಸೂಜಿಯೊಂದು ಮುಟ್ಟಿ ಹೇಳುತ್ತದೆ! ಫ್ರಾನ್ಸಿನ ಅಲೆಕ್ಸಾಂಡ್ರ್ ದಾಜಿ ತಂಡ 2005ರಲ್ಲಿ ಇದನ್ನು ಪ್ರಕಟಿಸಿತು. ಈಗ ಹತ್ತಾರು ನ್ಯಾನೋಮೀಟರ್‌ವರೆಗೂ ನೋಡಬಹುದು. ಸೂಜಿ ಬದಲು ಹಸಿರು ಲೇಸರ್ ಬಳಸುವ ಯಂತ್ರವೂ ಇದೆ; ಅದರ ಮಿತಿ ಸುಮಾರು ಅರ್ಧ ಮೈಕ್ರಾನ್.

ಅವು ದುಬಾರಿ. ಮೊದಲು, ಮಾದರಿಯನ್ನು ಹರಳಿಗೆ ಒತ್ತಿ ಓದುವ ಎಟಿಆರ್‌ನಲ್ಲಿ ಹಾಳೆಯ ಎರಡೂ ಮೈ ನೋಡಿ. ಅದು ಮೇಲಿನ ಒಂದೆರಡು ಮೈಕ್ರಾನ್ ಮಾತ್ರ ಓದುತ್ತದೆ, ಹಾಗಾಗಿ ಹೊರ ಪದರಗಳೆರಡು ಅಲ್ಲೇ ಬೇರೆಯಾಗುತ್ತವೆ.